ಒಂದು ಬೇರಿನ ಇತಿಹಾಸ

ಗ್ರೀಕ್ ಭಾಷೆಯ 'ಅರಿಸ್ಟೊಲೋಕಿಯ' ಎಂಬ ಹೆಸರಿನಲ್ಲಿ ಸುಖಪ್ರಸವವೆಂಬ ಅರ್ಥ ಅಡಗಿದೆ. ಆ ಹೆಸರಿನ ಗಿಡ ಹೆರಿಗೆಗೆ ನೆರವಾಗುವುದೆಂದು ಮೊದಲನೆಯ ಶತಮಾನದ ವೈದ್ಯ ಡಯಾಸ್ಕೊರಿಡೀಸ್ ಬರೆದಿಟ್ಟನು. ಚೀನೀಯರು ಅದೇ ಕುಲದ ಬೇರುಗಳನ್ನು ಬಹುಕಾಲ ಔಷಧವಾಗಿ ಬಳಸಿದರು. ನಮ್ಮ ನಾಡಿನ ಈಶ್ವರಿ ಬಳ್ಳಿಯೂ ಅದೇ ಕುಲದ್ದು. ಹಾವಿನ ವಿಷಕ್ಕೆ ಅದರ ಬೇರೇ ಮದ್ದೆಂದು ಹಳ್ಳಿಗರು ನಂಬಿಕೊಂಡು ಬಂದರು. ಮೂರು ನಾಗರಿಕತೆಗಳು ಮೆಚ್ಚಿದ ಮೂಲಿಕೆ ವಿಷವಾಗಿರಬಲ್ಲುದೆ ಎಂದು ತಾವು ಕೇಳಬಹುದು.

ಉತ್ತರ ಬಂದದ್ದು ಬೆಲ್ಜಿಯಂ ದೇಶದಿಂದ. ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಚಿಕಿತ್ಸೆಗೆಂದು 1990ರಿಂದ ಗುಳಿಗೆಗಳಲ್ಲಿ ಚೀನೀ ಮೂಲಿಕೆಗಳನ್ನು ಬೆರೆಸತೊಡಗಿದರು. 1992ರ ವೇಳೆಗೆ ಅವನ್ನು ಸೇವಿಸಿದ ಮಹಿಳೆಯರು ಮೂತ್ರಪಿಂಡಗಳು ಕೆಟ್ಟು ಆಸ್ಪತ್ರೆ ಸೇರಿದರು. 'ಫಾಂಗ್ ಜಿ' ಎಂಬ ಚೀನೀ ಹೆಸರು ಒಂದಕ್ಕಿಂತ ಹೆಚ್ಚು ಬೇರುಗಳಿಗೆ ಸಲ್ಲುತ್ತದೆ. ಸ್ಟೆಫಾನಿಯ ಬೇರಿನ ಸ್ಥಾನದಲ್ಲಿ ಅರಿಸ್ಟೊಲೋಕಿಯ ಬಂದು ಕುಳಿತಿತ್ತು. ನೂರಕ್ಕೂ ಹೆಚ್ಚು ಮಂದಿ ಪೀಡಿತರಾದರು. ಅವರಲ್ಲಿ ಮೂತ್ರಪಿಂಡ ತೆಗೆಸಿಕೊಂಡ 39 ಮಂದಿಯ ಪೈಕಿ 18 ಮಂದಿಗೆ ಮೂತ್ರಮಾರ್ಗದ ಕ್ಯಾನ್ಸರ್ ಇದ್ದ ಸಂಗತಿ 2000ದಲ್ಲಿ ಪ್ರಕಟವಾಯಿತು.

ಈ ಬೆಳಕಿನಲ್ಲಿ ಇನ್ನೊಂದು ಹಳೆಯ ಒಗಟೂ ಬಿಡಿಸಿತು. ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಹಳ್ಳಿಗಳಲ್ಲಿ ಮೂತ್ರಪಿಂಡವನ್ನು ಮೆಲ್ಲಮೆಲ್ಲನೆ ತಿನ್ನುವ ರೋಗವೊಂದು 1950ರ ದಶಕದಿಂದ ವೈದ್ಯರನ್ನು ಕಾಡುತ್ತಿತ್ತು. ಅಲ್ಲಿನ ಗೋಧಿಯ ಹೊಲಗಳಲ್ಲಿ ಇದೇ ಕುಲದ ಗಿಡ ಕಳೆಯಾಗಿ ಬೆಳೆಯುತ್ತದೆ. ಅದರ ಬೀಜ ಕಾಳಿನೊಡನೆ ಬೆರೆತು ರೊಟ್ಟಿಯನ್ನು ಸೇರಿತ್ತು. ಅರಿಸ್ಟೊಲೋಕಿಕ್ ಆಮ್ಲದ ಗುರುತು ರೋಗಿಗಳ ಜೀವಕೋಶಗಳಲ್ಲಿ ಉಳಿದಿರುವುದನ್ನು 2007ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

ಹಾಗಾದರೆ ಹಿರಿಯರು ಸುಳ್ಳಾಡಿದರೆ? ಇಲ್ಲ. ಅವರು ಕಂಡದ್ದನ್ನು ಹೇಳಿದರು. ದತ್ತೂರಿ ತಿಂದವನು ಅಂದೇ ಬುದ್ಧಿ ಕೆಡುತ್ತಾನೆ. ಆದುದರಿಂದ ಅದರ ವಿಷವನ್ನು ಅವರು ಅರಿತರು. ವತ್ಸನಾಭಿಯನ್ನು ಶೋಧಿಸದೆ ಬಳಸಬಾರದೆಂದು ವಿಧಿಸಿದರು. ಆದರೆ ಇಂದು ಸೇವಿಸಿದ ಬೇರು ಹತ್ತಾರು ವರ್ಷಗಳ ಬಳಿಕ ರೋಗವಾಗಿ ಮೂಡಿದರೆ, ರೋಗಿಗಾಗಲಿ ವೈದ್ಯನಿಗಾಗಲಿ ಆ ಬೇರಿನ ನೆನಪಾದರೂ ಎಲ್ಲಿ ಉಳಿದೀತು? ಪರಂಪರೆಯ ಕಣ್ಣು ಶೀಘ್ರವಿಷಕ್ಕೆ ಚುರುಕು, ಮಂದವಿಷಕ್ಕೆ ಕುರುಡು. ಅದನ್ನು ಕಾಣಲು ಲೆಕ್ಕವಿಡುವ ಆಸ್ಪತ್ರೆ ಬೇಕು, ಸೂಕ್ಷ್ಮದರ್ಶಕ ಬೇಕು.

ಈ ಕುಲದ ಮೂಲಿಕೆಯುಳ್ಳ ಔಷಧಗಳು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2002ರಲ್ಲಿ ನಿರ್ಣಯಿಸಿತು. 'ಸಾವಿರಾರು ವರ್ಷಗಳಿಂದ ಬಳಕೆಯಲ್ಲಿದೆ' ಎಂಬ ಮಾತು ಇಂದಿಗೂ ಅಂಗಡಿಯ ಸೀಸೆಗಳ ಮೇಲೆ ಮೆರೆಯುತ್ತದೆ. ಅದು ಬಳಕೆಯ ಇತಿಹಾಸವೇ ಹೊರತು ನಿರಪಾಯತೆಯ ಪ್ರಮಾಣವಲ್ಲ.