ಪಟ್ಟಣದ ಟಂಕಸಾಲೆ: ಶ್ರೀರಂಗಪಟ್ಟಣದ ನಾಣ್ಯಗಳು ಮತ್ತು ಅವುಗಳ ನಕಲುಗಳು

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಂದಿನಿಂದ 1799ರ ಮೇ 4ರಂದು ಕೋಟೆ ಬೀಳುವವರೆಗೆ ಕಾವೇರಿಯ ಈ ದ್ವೀಪನಗರವು ಮೈಸೂರು ರಾಜ್ಯದ ರಾಜಧಾನಿಯಾಗಿತ್ತು. ಆ ಅವಧಿಯ ಬಹುಭಾಗದಲ್ಲಿ ರಾಜ್ಯದ ಮುಖ್ಯ ಟಂಕಸಾಲೆಯೂ, ಅಂದರೆ ನಾಣ್ಯ ಅಚ್ಚು ಹಾಕುವ ಕಾರ್ಯಾಗಾರವೂ, ಇಲ್ಲಿಯೇ ನಡೆಯಿತು. ಹೇಮಾವತಿಯ ದಡದ ಅಕ್ಕಿಹೆಬ್ಬಾಳು, ಅಂದು ಅತ್ತಿಕುಪ್ಪೆ ಎನಿಸಿಕೊಂಡಿದ್ದ ಕೃಷ್ಣರಾಜಪೇಟೆ, ಹಿರೋಡೆಯೆಂದು ಕರೆಯಲಾಗುತ್ತಿದ್ದ ಪಾಂಡವಪುರ, ಕಂಚಿನ ಎರಕಕ್ಕೆ ಹೆಸರಾದ ನಾಗಮಂಗಲ, ಇವೆಲ್ಲ ರಾಜಧಾನಿಯ ಸನಿಹದ ಸೀಮೆಗಳಾಗಿದ್ದುದರಿಂದ ಇಲ್ಲಿನ ಕಂದಾಯಕ್ಕೂ ಸಂತೆಯ ವ್ಯವಹಾರಕ್ಕೂ ಪಟ್ಟಣದ ನಾಣ್ಯದ ನಂಟು ನೇರವಾದದ್ದು. ಇಂದು ಆ ನಾಣ್ಯಗಳು ಸಂಗ್ರಾಹಕರ ಬೇಡಿಕೆಯ ವಸ್ತುಗಳಾಗಿವೆ, ಬೇಡಿಕೆಯಿದ್ದಲ್ಲೆಲ್ಲ ನಕಲೂ ಹುಟ್ಟಿಕೊಂಡಿದೆ. ನಕಲನ್ನು ಗುರುತಿಸಲು ರಹಸ್ಯವಿದ್ಯೆ ಬೇಕಿಲ್ಲ; ಅಸಲು ನಾಣ್ಯ ಎಲ್ಲಿ, ಯಾರ ಆಳ್ವಿಕೆಯಲ್ಲಿ, ಯಾವ ವಿಧಾನದಿಂದ ತಯಾರಾಯಿತೆಂಬ ಇತಿಹಾಸವನ್ನು ಚೆನ್ನಾಗಿ ತಿಳಿದಿರುವುದೇ ಅದಕ್ಕೆ ಅತ್ಯುತ್ತಮ ಸಾಧನ.

ಶ್ರೀರಂಗಪಟ್ಟಣದಲ್ಲಿ ಟಂಕಸಾಲೆಯನ್ನು ಸ್ಥಾಪಿಸಿದ ಕೀರ್ತಿ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರಿಗೆ ಸಲ್ಲುತ್ತದೆ. ಅವರು ಹೊರಡಿಸಿದ ಕಂಠೀರಾಯಿ ಹಣವು ಅರ್ಧ ಗ್ರಾಂಗಿಂತ ಕಡಿಮೆ ತೂಗುವ, ಬೆರಳ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕದಾದ ಚಿನ್ನದ ನಾಣ್ಯವಾಗಿದ್ದು, ಅದರ ಒಂದು ಮುಖದಲ್ಲಿ ನರಸಿಂಹನ ಮೂರ್ತಿಯೂ ಇನ್ನೊಂದು ಮುಖದಲ್ಲಿ ಅರಸನ ಹೆಸರಿನ ನಾಗರೀ ಅಕ್ಷರಗಳೂ ಇವೆ. ಇಂಥ 10 ಹಣಗಳನ್ನು ಸೇರಿಸಿ ಒಂದು ಕಂಠೀರಾಯಿ ವರಹವೆಂದು ಲೆಕ್ಕ ಹಿಡಿಯುತ್ತಿದ್ದರು. ಆ ವರಹವು ಲೆಕ್ಕಪತ್ರದ ಮಾನವಾಗಿದ್ದರೆ, ಕೈಯಿಂದ ಕೈಗೆ ಸಾಗುತ್ತಿದ್ದುದು ಬಿಡಿ ಹಣವೇ. ಇದರೊಡನೆ ತಾಮ್ರದ ಕಾಸುಗಳೂ ಚಲಾವಣೆಯಲ್ಲಿದ್ದವು. ಒಂದು ಮುಖದಲ್ಲಿ ಅಡ್ಡ ಮತ್ತು ಉದ್ದ ಗೆರೆಗಳ ಚೌಕುಳಿ ವಿನ್ಯಾಸ, ಇನ್ನೊಂದರಲ್ಲಿ ಆನೆಯ ಚಿತ್ರ ಅಥವಾ ಕನ್ನಡ ಅಂಕಿ ಇರುವ ಕಾಸುಗಳನ್ನು ವಿದ್ವಾಂಸರು ಒಡೆಯರ ಕಾಲದವೆಂದು ಗುರುತಿಸುತ್ತಾರೆ.

ಹಣದ ಅಸಲುತನವನ್ನು ಪರೀಕ್ಷಿಸುವ ವೃತ್ತಿಯೂ ಇದರ ಜೊತೆಗೇ ಬೆಳೆಯಿತು. ಚಿನಿವಾರನು, ಅಂದರೆ ಚಿನ್ನ ಬೆಳ್ಳಿಗಳ ವ್ಯಾಪಾರವನ್ನೂ ನಾಣ್ಯ ವಿನಿಮಯವನ್ನೂ ನಡೆಸುತ್ತಿದ್ದವನು, ನಾಣ್ಯವನ್ನು ಒರೆಗಲ್ಲಿನ ಮೇಲೆ ಉಜ್ಜಿ ಬಣ್ಣ ನೋಡುತ್ತಿದ್ದನು, ಪುಟ್ಟ ತಕ್ಕಡಿಯಲ್ಲಿ ತೂಗುತ್ತಿದ್ದನು, ಕಲ್ಲಿನ ಮೇಲೆ ಬೀಳಿಸಿ ದನಿ ಕೇಳುತ್ತಿದ್ದನು. ಹೀಗೆ ಬಣ್ಣ, ತೂಕ, ದನಿ ಎಂಬ ಮೂರು ಸಾಕ್ಷಿಗಳ ಮೇಲೆ ನಿಂತಿದ್ದ ಆ ಪರೀಕ್ಷೆಯ ತಿರುಳು ಇಂದಿನ ಸಂಗ್ರಾಹಕನ ಪರೀಕ್ಷೆಯಲ್ಲಿಯೂ ಉಳಿದಿದೆ. ಅಂದಿನ ಚಿನಿವಾರನ ಪ್ರಶ್ನೆ ಲೋಹದ ಬೆಲೆಯನ್ನು ಕುರಿತದ್ದಾಗಿತ್ತು, ಇಂದಿನ ಪ್ರಶ್ನೆ ಕಾಲವನ್ನು ಕುರಿತದ್ದು.

ನಕಲನ್ನು ಕುರಿತು ವಿಚಾರ ಮಾಡುವಾಗ ಅನುಕರಣೆಗೂ ವಂಚನೆಗೂ ನಡುವಣ ಅಂತರವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ವಿಜಯನಗರದ ವರಹಗಳಲ್ಲಿ ಕಾಣುವ ಉಮಾಮಹೇಶ್ವರರ ಜೋಡಿ ಮೂರ್ತಿಯನ್ನು ಇಕ್ಕೇರಿಯ ನಾಯಕರು ತಮ್ಮ ನಾಣ್ಯಕ್ಕೆ ತೆಗೆದುಕೊಂಡರು, 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಅದೇ ಶಿವಪಾರ್ವತಿಯರನ್ನು ತನ್ನ ಬಹಾದುರಿ ವರಹದ ಮೇಲೆ ಉಳಿಸಿಕೊಂಡು, ಹಿಂಬದಿಯ ಚುಕ್ಕೆಗಳ ಹಾಸಿನ ಮೇಲೆ ತನ್ನ ಹೆಸರಿನ ಮೊದಲ ಅಕ್ಷರವಾದ ಪಾರ್ಸಿಯ ‘ಹೇ’ಯನ್ನು ಮಾತ್ರ ಇರಿಸಿದನು, 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅದೇ ದಂಪತಿಯ ಮೂರ್ತಿ ಮುಂದುವರಿಯಿತು. ಜನರಿಗೆ ಪರಿಚಿತವಾದ ರೂಪಕ್ಕೆ ಸಂತೆಯಲ್ಲಿ ನಂಬಿಕೆಯಿದ್ದುದರಿಂದ ಹೊಸ ಅರಸರು ಹಳೆಯ ರೂಪವನ್ನು ಕೈಬಿಡಲಿಲ್ಲ. ಇಲ್ಲಿ ಪ್ರತಿಯೊಬ್ಬ ಅರಸನೂ ತನ್ನ ಗುರುತನ್ನು ಬಹಿರಂಗವಾಗಿ ಸೇರಿಸಿದ್ದಾನೆ. ತನ್ನ ಗುರುತನ್ನು ಮರೆಮಾಚಿ ಇನ್ನೊಬ್ಬರ ಗುರುತನ್ನು ಹೊತ್ತು ಬರುವ ವಸ್ತುವನ್ನಷ್ಟೇ ಖೋಟಾ ಎನ್ನಬೇಕು.

ಶ್ರೀರಂಗಪಟ್ಟಣದ ಟಂಕಸಾಲೆಯ ಅತ್ಯಂತ ಸಮೃದ್ಧ ಅಧ್ಯಾಯವೆಂದರೆ 1782ರಿಂದ 1799ರವರೆಗಿನ ಟಿಪ್ಪು ಸುಲ್ತಾನನ ಕಾಲ. ಟಿಪ್ಪು ತನ್ನ ನಾಣ್ಯಗಳಿಗೆ ಒಂದು ಕ್ರಮದಲ್ಲಿ ಹೆಸರುಗಳನ್ನಿಟ್ಟನು: ನಾಲ್ಕು ವರಹದ ಚಿನ್ನದ ನಾಣ್ಯ ಅಹಮದಿ, ಎರಡು ವರಹದ್ದು ಸಾದಿಕಿ, ಒಂದು ವರಹದ್ದು ಫಾರೂಕಿ, ಹಣದ ಗಾತ್ರದ್ದು ರಾಹತಿ; ಬೆಳ್ಳಿಯಲ್ಲಿ ಎರಡು ರೂಪಾಯಿಯದು ಹೈದರಿ, ಒಂದು ರೂಪಾಯಿಯದು ಇಮಾಮಿ. ತಾಮ್ರದ ನಾಣ್ಯಗಳಿಗೆ ಆಕಾಶದ ಹೆಸರುಗಳು ಬಂದವು. ಮೊದಲು ಉಸ್ಮಾನಿ ಎನಿಸಿದ್ದ ಎರಡು ಪೈಸೆಯ ನಾಣ್ಯವು ಮುಂದೆ ಗುರುಗ್ರಹದ ಹೆಸರಿನ ಮುಷ್ತರಿಯಾಯಿತು, ಪೈಸೆಯು ಶುಕ್ರನ ಹೆಸರಿನ ಜೊಹ್ರಾ ಆಯಿತು, ಅರ್ಧ ಪೈಸೆ ಮಂಗಳನ ಹೆಸರಿನ ಬಹ್ರಾಮ್, ಕಾಲು ಪೈಸೆ ನಕ್ಷತ್ರವೆಂಬ ಅರ್ಥದ ಅಖ್ತರ್, ಅರೆಕಾಲು ಪೈಸೆ ಧ್ರುವನಕ್ಷತ್ರದ ಹೆಸರಿನ ಕುತುಬ್ ಎನಿಸಿದವು. ತಾಮ್ರದ ನಾಣ್ಯಗಳ ಮೇಲಿನ ಆನೆಯೇ ಇಂದು ಸಂಗ್ರಾಹಕರಿಗೆ ಅತ್ಯಂತ ಪರಿಚಿತವಾದ ಚಿತ್ರ. ಪಟ್ಟಣದಲ್ಲಿ ಅಚ್ಚಾದವುಗಳಲ್ಲಿ ಊರಿನ ಹೆಸರು ‘ಪಟ್ಟನ್’ ಎಂದು ಪಾರ್ಸಿ ಲಿಪಿಯಲ್ಲಿದೆ. ನಗರವೆನಿಸಿದ್ದ ಬಿದನೂರು, ಬೆಂಗಳೂರು, ಫರ್ರೂಖ್‌ಯಾಬ್ ಹಿಸಾರ್ ಎಂದು ಹೆಸರಿಟ್ಟಿದ್ದ ಚಿತ್ರದುರ್ಗ, ಫೈಜ್ ಹಿಸಾರ್ ಎನಿಸಿದ ಗುತ್ತಿ ಮೊದಲಾದ ಕಡೆಗಳಲ್ಲಿಯೂ ಟಂಕಸಾಲೆಗಳಿದ್ದವು.

ಈ ನಾಣ್ಯಗಳ ಮೇಲಿನ ಕಾಲಗಣನೆಯು ವಿಶೇಷ ಗಮನಕ್ಕೆ ಅರ್ಹವಾದದ್ದು. ಆಳ್ವಿಕೆಯ ಮೊದಲ ವರ್ಷಗಳಲ್ಲಿ ಹಿಜರಿ ಶಕೆಯನ್ನು ಬಳಸಿದ ಟಿಪ್ಪು 1787ರಲ್ಲಿ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದುದರಿಂದ, ನಾಣ್ಯಗಳ ಮೇಲೆ 1200ರ ಆಸುಪಾಸಿನ ಹಿಜರಿ ವರ್ಷಗಳ ನಂತರ ಒಮ್ಮೆಗೇ 1215 ಕಾಣಿಸಿಕೊಳ್ಳುತ್ತದೆ. ಅದರ ಜೊತೆಗೆ ಅಂಕಿಗಳನ್ನು ಬರೆಯುವ ದಿಕ್ಕೂ ಬದಲಾಯಿತು. ಮೌಲೂದಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕಾದ್ದರಿಂದ, 1225ನೆಯ ವರ್ಷದ ನಾಣ್ಯದಲ್ಲಿ 1ರ ಅಂಕಿ ಬಲತುದಿಯಲ್ಲಿಯೂ 5ರ ಅಂಕಿ ಎಡತುದಿಯಲ್ಲಿಯೂ ಇರುತ್ತದೆ. ಕೊನೆಯ ವರ್ಷಗಳ ತಾಮ್ರದ ನಾಣ್ಯಗಳಲ್ಲಿ 1224ಕ್ಕೆ ಅಲಿಫ್, 1225ಕ್ಕೆ ಬೇ, 1226ಕ್ಕೆ ತೇ, 1227ಕ್ಕೆ ಸೇ ಎಂಬ ಅಕ್ಷರಗಳೂ ಸೇರಿದವು. ಟಿಪ್ಪುವಿನ ಸ್ವಂತ ಹೆಸರು ಈ ನಾಣ್ಯಗಳ ಮೇಲೆ ಬರುವುದಿಲ್ಲ, ತಂದೆ ಹೈದರನ ಹೆಸರಿನ ಗುರುತು ಬರುತ್ತದೆ. ಆದಕಾರಣ ‘ಟಿಪ್ಪು ಸುಲ್ತಾನ’ ಎಂದು ಅಚ್ಚಾದ ಅಥವಾ ಅವನ ಮುಖಚಿತ್ರವಿರುವ ಬಿಲ್ಲೆಯು ಆ ಕಾಲದ ನಾಣ್ಯವಾಗಿರಲು ಸಾಧ್ಯವಿಲ್ಲವೆಂಬುದನ್ನು ತೂಕ, ಲೋಹಗಳ ಪರೀಕ್ಷೆಗೆ ಹೋಗುವ ಮೊದಲೇ ಹೇಳಬಹುದು. ಅಂಕಿಯ ದಿಕ್ಕು ತಪ್ಪಿದ್ದರೆ, ಅಕ್ಷರಕ್ಕೂ ವರ್ಷಕ್ಕೂ ಹೊಂದಿಕೆಯಿಲ್ಲದಿದ್ದರೆ ಅದು ಸಂಶಯಕ್ಕೆ ಕಾರಣ. ಆದರೆ ಅಚ್ಚು ಕೊರೆದವರ ಕೈತಪ್ಪುಗಳೂ ಇರಬಹುದಾದ್ದರಿಂದ ಅದೊಂದರಿಂದಲೇ ತೀರ್ಪು ಕೊಡಲಾಗದು.

ಈ ನಾಣ್ಯಗಳೆಲ್ಲ ಸುತ್ತಿಗೆಯ ಪೆಟ್ಟಿನಿಂದ ತಯಾರಾದವು. ತೂಕಕ್ಕೆ ಸರಿಯಾಗಿ ಸಿದ್ಧಪಡಿಸಿದ ಲೋಹದ ಬಿಲ್ಲೆಯನ್ನು ಸ್ಥಿರವಾಗಿ ನೆಟ್ಟ ಕೆಳ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಹೊಡೆಯುವ ಈ ವಿಧಾನದಲ್ಲಿ ಅಚ್ಚಿನ ಅಗಲ ಬಿಲ್ಲೆಗಿಂತ ಹೆಚ್ಚಿರುವುದು ಸಾಮಾನ್ಯವಾದ್ದರಿಂದ ಬರಹದ ಒಂದು ಭಾಗ ನಾಣ್ಯದ ಅಂಚಿನಾಚೆಗೆ ಉಳಿದುಬಿಡುತ್ತದೆ. ಪೆಟ್ಟು ಒಂದು ಬದಿಗೆ ವಾಲಿದರೆ ಆನೆಯ ಸೊಂಡಿಲು ಮಸುಕಾಗಿ ಹಿಂಗಾಲು ಉಬ್ಬಿ ನಿಲ್ಲುತ್ತದೆ. ಒತ್ತಡ ಹೆಚ್ಚಾದಲ್ಲಿ ಅಂಚು ಸಣ್ಣಗೆ ಸೀಳುತ್ತದೆ. ಲೋಹವು ಅಚ್ಚಿನ ಕುಳಿಗಳೊಳಗೆ ನುಗ್ಗಿದುದರ ಕುರುಹಾಗಿ ಅಕ್ಷರಗಳ ಬದಿಗಳು ಚೂಪಾಗಿ ಎದ್ದಿರುತ್ತವೆ. ಹೀಗಾಗಿ ಒಂದೇ ಜೋಡಿ ಅಚ್ಚಿನಿಂದ ಬಂದ ಎರಡು ನಾಣ್ಯಗಳಲ್ಲಿಯೂ ಬಿಲ್ಲೆಯ ಆಕಾರ, ಅಚ್ಚು ಕೂತ ಜಾಗ, ಅಂಚಿನ ಸೀಳು ಒಂದೇ ತೆರನಾಗಿರುವುದಿಲ್ಲ.

ಕೋಟೆ ಬಿದ್ದ ಮೇಲೆ ರಾಜಧಾನಿಯೊಡನೆ ನಾಣ್ಯದ ಕೆಲಸವೂ ಮೈಸೂರಿಗೆ ಹೋಯಿತು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಕಂಠೀರಾಯಿ ಹಣವನ್ನು ಮರಳಿ ಅಚ್ಚು ಹಾಕಿಸಲಾಯಿತು. ಹಳೆಯದಕ್ಕೆ ಅಗಲ ಕಂಠೀರಾಯಿ, ಹೊಸದಕ್ಕೆ ಗಿಡ್ಡ ಕಂಠೀರಾಯಿ ಎಂಬ ಹೆಸರುಗಳು ರೂಢಿಗೆ ಬಂದವು. ಗಿಡ್ಡ ಕಂಠೀರಾಯಿಯು ಸರಕಾರವೇ ಹೊರಡಿಸಿದ ಅಸಲು ನಾಣ್ಯವಾದರೂ ಅದನ್ನು 17ನೆಯ ಶತಮಾನದ್ದೆಂದು ಮಾರಿದರೆ ಅಸಲು ವಸ್ತುವಿಗೆ ಸುಳ್ಳು ಕಾಲವನ್ನು ಹಚ್ಚಿದಂತಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ ಆನೆ ಮುಂದುವರಿದು, ‘ಮಯಿಲಿ ಕಾಸು’ ಎಂಬ ಕನ್ನಡ ಬರಹವೂ ಇಂಗ್ಲಿಷ್ ಅಕ್ಷರಗಳೂ ಒಟ್ಟಿಗೆ ಬಂದವು. ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ 1833ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡ ಟಂಕಸಾಲೆ 1843ರಲ್ಲಿ ಮುಚ್ಚಿತು. ಶ್ರೀರಂಗಪಟ್ಟಣದ ಗೆಲುವಿನ ನೆನಪಿಗೆಂದು ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೈನಿಕರಿಗೆ ಹಂಚಿದ ಪದಕದಲ್ಲಿಯೂ ಅಸಲನ್ನು ಗುರುತಿಸುವ ಇಂಥದೇ ಸೂಕ್ಷ್ಮವಿದೆ: ಸಿಂಹವು ಹುಲಿಯನ್ನು ಕೆಡವುತ್ತಿರುವ ಚಿತ್ರದ ಆ ಪದಕವನ್ನು ಇಂಗ್ಲೆಂಡಿನ ಸೋಹೋ ಟಂಕಸಾಲೆಯಲ್ಲಿ ಸುಮಾರು 48 ಮಿಲಿಮೀಟರ್ ಅಗಲದಲ್ಲಿಯೂ ಕಲ್ಕತ್ತದಲ್ಲಿ ಸುಮಾರು 45 ಮಿಲಿಮೀಟರ್ ಅಗಲದಲ್ಲಿಯೂ ಅಚ್ಚು ಹಾಕಿದುದರಿಂದ, ಗಾತ್ರದಲ್ಲಿ ಬೇರೆಯಾದ ಎರಡೂ ಅಸಲೇ ಆಗಿವೆ.

ದಕ್ಷಿಣ ಭಾರತದ ನಾಣ್ಯ ಸಂಗ್ರಹವು 19ನೆಯ ಶತಮಾನದ ಉತ್ತರಾರ್ಧದಲ್ಲಿ ಶಾಸ್ತ್ರೀಯ ರೂಪ ಪಡೆಯಿತು. ವಾಲ್ಟರ್ ಎಲಿಯಟ್ ಅವರ ದಕ್ಷಿಣ ಭಾರತದ ನಾಣ್ಯಗಳ ಗ್ರಂಥ 1880ರ ದಶಕದಲ್ಲಿ ಹೊರಬಂದಿತು. ಮೈಸೂರಿನ ನಾಣ್ಯಗಳ ಬಗ್ಗೆ ಆರ್. ಪಿ. ಜಾಕ್ಸನ್ 20ನೆಯ ಶತಮಾನದ ಆರಂಭದಲ್ಲಿ ಬರೆದರು; 1921ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಜೆ. ಆರ್. ಹೆಂಡರ್ಸನ್ ಅವರ ಗ್ರಂಥವು ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನು ಟಂಕಸಾಲೆ, ವರ್ಷ, ಬೆಲೆಗಳ ಪ್ರಕಾರ ಪಟ್ಟಿ ಮಾಡಿತು. ಕರ್ನಾಟಕದ ನಾಣ್ಯ ಪರಂಪರೆಯ ಅಧ್ಯಯನವನ್ನು ಎ. ವಿ. ನರಸಿಂಹಮೂರ್ತಿಯವರು ಮುಂದುವರಿಸಿದರು. ಇಂಥ ಪಟ್ಟಿಗಳು ಅಸಲನ್ನು ಗುರುತಿಸಲು ನೆರವಾದವು, ಆದರೆ ಯಾವ ವರ್ಷದ ಯಾವ ನಾಣ್ಯ ವಿರಳವೆಂಬುದನ್ನು ಖೋಟಾಗಾರರಿಗೂ ತಿಳಿಸಿಕೊಟ್ಟವು.

ಖೋಟಾ ನಾಣ್ಯಗಳಲ್ಲಿ ಸಾಮಾನ್ಯವಾದದ್ದು ಎರಕದ್ದು. ಅಸಲು ನಾಣ್ಯವನ್ನು ಮರಳಿಗೋ ಜೇಡಿಗೋ ಒತ್ತಿ ಪಡೆದ ಪಡಿಯಚ್ಚಿಗೆ ಕರಗಿದ ಲೋಹವನ್ನು ಸುರಿದು ಇದನ್ನು ಮಾಡುತ್ತಾರೆ. ನಾಗಮಂಗಲದ ಕಂಚುಗಾರರ ಮೂರ್ತಿಗಳಲ್ಲಿ ಎರಕವೇ ಕಲೆಯ ಘನತೆಯಾದರೆ, ಸುತ್ತಿಗೆಯಿಂದ ಹೊಡೆದ ನಾಣ್ಯವೆಂದು ತೋರಿಸಿಕೊಳ್ಳುವ ವಸ್ತುವಿನಲ್ಲಿ ಅದೇ ಎರಕವು ಸುಳ್ಳಿನ ಸಾಕ್ಷಿಯಾಗುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಎರಕದ ನಾಣ್ಯದ ಹಾಸಿನಲ್ಲಿ ಗಾಳಿಗುಳ್ಳೆಗಳ ಸಣ್ಣ ತೂತುಗಳು, ಅಂಚಿನ ಸುತ್ತ ಎರಡು ಪಡಿಯಚ್ಚುಗಳು ಕೂಡಿದ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿ ಅಳಿಸಿದ ಗೀರುಗಳು, ಬದಿಗಳು ಮೊಂಡಾದ ಅಕ್ಷರಗಳು ಕಾಣುತ್ತವೆ. ಅಂಚಿನಲ್ಲಿ ಸೀಳಿನ ಆಕಾರವಿದ್ದರೂ ಅದು ಒಳಕ್ಕೆ ಇಳಿಯದೆ ಬರಿಯ ತಗ್ಗಾಗಿ ನಿಂತಿರುತ್ತದೆ. ಎರಡು ನಾಣ್ಯಗಳಲ್ಲಿ ಒಂದೇ ಸೀಳು, ಒಂದೇ ಗೀರು, ಒಂದೇ ವಾಲಿಕೆ ಕಂಡುಬಂದರೆ ಕನಿಷ್ಠ ಒಂದಾದರೂ ಇನ್ನೊಂದರಿಂದ ಎರಕ ಹೊಯ್ದದ್ದು, ಅಥವಾ ಎರಡೂ ಮೂರನೆಯದರ ನಕಲುಗಳು.

ತೂಕವೂ ಸಾಂದ್ರತೆಯೂ ಮುಂದಿನ ಪರೀಕ್ಷೆಗಳು. ಟಿಪ್ಪುವಿನ ಬೆಳ್ಳಿ ರೂಪಾಯಿ ಸುಮಾರು 11.4 ಗ್ರಾಂ ತೂಗುತ್ತದೆ. ಬೆಳ್ಳಿಯು ತನ್ನಷ್ಟೇ ಗಾತ್ರದ ನೀರಿಗಿಂತ 10.5 ಪಟ್ಟು ಭಾರವಾದ್ದರಿಂದ, ನಾಣ್ಯವನ್ನು ನೂಲಿಗೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿದಾಗ ಸುಮಾರು 1.1 ಗ್ರಾಂ ಕಡಿಮೆ ತೋರಬೇಕು. ಅಷ್ಟೇ ತೂಕದ, ಬೆಳ್ಳಿ ಬಣ್ಣದ ಮುಲಾಮಿನ ಹಿತ್ತಾಳೆಯಾದರೆ ಆ ಇಳಿತ 1.3 ಗ್ರಾಂ ದಾಟುತ್ತದೆ. ಸೂಜಿಗಲ್ಲು ಕಬ್ಬಿಣದ ನಕಲನ್ನು ಮಾತ್ರ ಹಿಡಿದುಕೊಡುತ್ತದೆ, ಹಿತ್ತಾಳೆ ಮತ್ತು ಸೀಸಗಳ ಮುಂದೆ ಅದರ ಸಾಕ್ಷ್ಯ ನಿಲ್ಲುವುದಿಲ್ಲ. ಹಳೆಯ ತಾಮ್ರದ ಮೇಲೆ ಕಾಲಕ್ರಮದಲ್ಲಿ ಕೂಡಿಬಂದ ಪದರವು ಲೋಹಕ್ಕೆ ಬಿಗಿಯಾಗಿ ಅಂಟಿರುತ್ತದೆ. ಆಮ್ಲ, ಉಪ್ಪುಗಳಿಂದ ಅವಸರದಲ್ಲಿ ಹುಟ್ಟಿಸಿದ ಹಸಿರು ಸಾಮಾನ್ಯವಾಗಿ ಪುಡಿಪುಡಿಯಾಗಿ, ತಗ್ಗು ಉಬ್ಬುಗಳೆನ್ನದೆ ಒಂದೇ ಬಣ್ಣದಲ್ಲಿ ಹರಡಿರುತ್ತದೆ. ಹೊಸದಾಗಿ ಕೊರೆದ ಅಚ್ಚಿನಿಂದ ಹೊಡೆದ ಖೋಟಾಗಳು ಮಾತ್ರ ಈ ಪರೀಕ್ಷೆಗಳಲ್ಲಿ ಕೆಲವನ್ನು ದಾಟಬಲ್ಲವು. ಅವುಗಳನ್ನು ಹಿಡಿಯಲು ಪಾರ್ಸಿ ಅಕ್ಷರಗಳ ತಿರುವನ್ನೂ ಆನೆಯ ಮೈಕಟ್ಟನ್ನೂ ನಿಶ್ಚಿತ ಅಸಲುಗಳೊಡನೆ ಹೋಲಿಸಿ ನೋಡುವುದೇ ದಾರಿ.

ಎಂದೂ ಇಲ್ಲದ ನಾಣ್ಯವನ್ನು ಕಲ್ಪಿಸಿ ಮಾಡುವುದು ಇನ್ನೊಂದು ಬಗೆ. ಹನುಮಂತನ ಅಥವಾ ರಾಮಪಟ್ಟಾಭಿಷೇಕದ ಚಿತ್ರ, ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818ರ ಇಸವಿ ಹೊತ್ತ ತಾಮ್ರದ ಬಿಲ್ಲೆಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಅಂಥ ನಾಣ್ಯವನ್ನು ಕಂಪನಿಯು ಎಂದೂ ಹೊರಡಿಸಲಿಲ್ಲ. ಇವುಗಳಿಗೆ ಅಕ್ಕಿಕಾಳನ್ನು ಸೆಳೆಯುವ ಶಕ್ತಿಯಿದೆಯೆಂದು ನಂಬಿಸಿ ಲಕ್ಷಾಂತರ ರೂಪಾಯಿ ದೋಚುವ ‘ರೈಸ್ ಪುಲ್ಲಿಂಗ್’ ವಂಚನೆಯ ಪ್ರಕರಣಗಳು ಕರ್ನಾಟಕದಲ್ಲಿಯೂ ನಡೆದಿವೆ. ಯಾವ ಲೋಹಕ್ಕೂ ಅಂಥ ಗುಣವಿಲ್ಲ.

ಪ್ರತಿಕೃತಿಗಳೆಲ್ಲವೂ ದೋಷಯುಕ್ತವಲ್ಲ. 19ನೆಯ ಶತಮಾನದಲ್ಲಿ ಬ್ರಿಟಿಷ್ ಮ್ಯೂಸಿಯಂ ತನ್ನ ವಿರಳ ನಾಣ್ಯಗಳ ಪ್ರತಿಗಳನ್ನು ವಿದ್ಯುತ್ ಲೇಪನ ವಿಧಾನದಿಂದ ಮಾಡಿಸಿ ಅಧ್ಯಯನಕ್ಕೆ ಒದಗಿಸಿತು. ಅಮೆರಿಕದಲ್ಲಿ 1973ರ ಕಾಯ್ದೆಯು ನಾಣ್ಯದ ಅನುಕರಣೆಗಳ ಮೇಲೆ ‘ಪ್ರತಿ’ ಎಂಬ ಗುರುತು ಇರಲೇಬೇಕೆಂದು ವಿಧಿಸಿತು. ಶ್ರೀರಂಗಪಟ್ಟಣವನ್ನು ನೋಡಲು ಬರುವವರಿಗೆ ಮಾರುವ ನೆನಪಿನ ಬಿಲ್ಲೆಗಳ ಮೇಲೆಯೂ ಅಂಥ ಗುರುತು ಇರುವುದಾದರೆ ಅವು ಇತಿಹಾಸಕ್ಕೆ ಹಾನಿ ಮಾಡದೆ ಜನರಲ್ಲಿ ಆಸಕ್ತಿ ಹುಟ್ಟಿಸಬಲ್ಲವು. ಭಾರತದಲ್ಲಿ 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷಕ್ಕೆ ಮೀರಿದ ನಾಣ್ಯಗಳು ಪುರಾವಸ್ತುಗಳಾಗಿದ್ದು ಅವುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ. ಉಳುವಾಗ, ಪಾಯ ತೋಡುವಾಗ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನೂ ಇದೆ. ಈ ನಿಯಮಗಳ ಹಿಂದೆ ಒಂದು ಗಟ್ಟಿಯಾದ ಕಾರಣವಿದೆ. ಹೇಮಾವತಿಯ ಬಯಲಿನ ಹೊಲವೊಂದರಲ್ಲಿ ಚಿತ್ರದುರ್ಗದ ಪೈಸೆ ಸಿಕ್ಕರೆ ಅದು ಸೈನ್ಯದ ಸಂಬಳ, ಸಂತೆ, ಸಾಗಾಟಗಳ ಬಗ್ಗೆ ಮಾತನಾಡುತ್ತದೆ. ಅದೇ ಪೈಸೆ ಸಿಕ್ಕ ಜಾಗದ ದಾಖಲೆಯಿಲ್ಲದೆ ಕೈಬದಲಾದರೆ ಅದರ ಪಾಲಿನ ಸಾಕ್ಷ್ಯದ ಬಹುಭಾಗ ನಷ್ಟವಾಗುತ್ತದೆ, ಮತ್ತು ಹೀಗೆ ಊರು ಕೇರಿ ಕಳೆದುಕೊಂಡ ಅಸಲುಗಳ ಗುಂಪಿನಲ್ಲಿಯೇ ಖೋಟಾಗಳು ಸುಲಭವಾಗಿ ಸೇರಿಕೊಳ್ಳುತ್ತವೆ. ಆದ್ದರಿಂದ ಖೋಟಾದ ಪಿಡುಗಿಗೆ ಪರಿಹಾರವು ಕೊಳ್ಳುವವನ ಎಚ್ಚರದಿಂದಷ್ಟೇ ಬರಲಾರದು. ಸಿಕ್ಕ ಊರು, ಸಿಕ್ಕ ಬಗೆ, ತೂಕ, ಎರಡು ಮುಖಗಳ ಚಿತ್ರ ಇವನ್ನು ಪ್ರತಿ ನಾಣ್ಯದ ಜೊತೆಗೆ ಬರೆದಿಡುವ ರೂಢಿಯು ಈ ಸೀಮೆಯ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಸಂಗ್ರಾಹಕರಲ್ಲಿಯೂ ಬೆಳೆದಾಗ ಪಟ್ಟಣದ ಟಂಕಸಾಲೆಯ ಇತಿಹಾಸವು ಸುಳ್ಳಿನ ಬೆರಕೆಯಿಲ್ಲದೆ ಮುಂದಿನವರ ಕೈಸೇರುತ್ತದೆ.