ಗಡಿಸೀಮೆಯ ಕಿವಿ: ತಾಳವಾಡಿ ಮತ್ತು ಯೌವನದ ಹಾಡುಗಳ ಮರುಭೇಟಿ

ಗುಮಟಾಪುರವನ್ನು ಹೊರಜಗತ್ತು ಬಲ್ಲದ್ದು ಗೊರೆಹಬ್ಬದಿಂದ. ದೀಪಾವಳಿ ಮುಗಿಯುತ್ತಿದ್ದಂತೆ ಬೀರೇಶ್ವರ ದೇವಾಲಯದ ಪರಿಸರದಲ್ಲಿ ನಡೆಯುವ ಸಗಣಿಯೆರಚಾಟದ ಛಾಯಾಚಿತ್ರಗಳು ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಆದರೆ ಒಂದು ಸೀಮೆ ಏನನ್ನು ಕೇಳುತ್ತ ಪ್ರಾಯಕ್ಕೆ ಬಂದಿತು ಎಂಬುದು ಛಾಯಾಚಿತ್ರಕ್ಕೆ ಸಿಗುವ ಸಂಗತಿಯಲ್ಲ. ನಡುವಯಸ್ಸು ದಾಟಿದವರು ತಮ್ಮ ಯೌವನದ ಹಾಡುಗಳನ್ನು ಮೊಬೈಲಿನಲ್ಲಿ ಹುಡುಕಿ ಮತ್ತೆ ಕೇಳುತ್ತಿರುವ ಈ ಹೊತ್ತಿನಲ್ಲಿ, ಗಡಿಸೀಮೆಯ ಕೇಳ್ಮೆಗೂ ಒಂದು ಚರಿತ್ರೆಯಿದೆ ಎಂಬುದನ್ನು ಗಮನಿಸಬೇಕಾಗಿದೆ.

ಆ ಚರಿತ್ರೆ ಭೂಗೋಳದಿಂದ ಆರಂಭವಾಗುತ್ತದೆ. ತಾಳವಾಡಿ ಪ್ರಸ್ಥಭೂಮಿಯಿಂದ ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಟ್ಟದ 27 ತಿರುವುಗಳನ್ನು ದಾಟಬೇಕು. ಚಾಮರಾಜನಗರಕ್ಕೆ ಅಂಥ ಅಡ್ಡಿಯಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಭಾಷಾವಾರು ಪುನರ್ವಿಂಗಡಣೆಗೊಂಡಾಗ ಕನ್ನಡ ಮಾತನಾಡುವ ಈ ಸೀಮೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿ ಮದರಾಸು ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಆ ಜಿಲ್ಲೆಯಿಂದ ಬೇರ್ಪಟ್ಟ ಭಾಗವೇ ಇಂದಿನ ಈರೋಡು ಜಿಲ್ಲೆ. ಆಡಳಿತದ ಮುಖ ಘಟ್ಟದ ಕೆಳಗಿನತ್ತ, ಮನೆಮಾತಿನ ಮುಖ ಬಯಲಿನತ್ತ. ಕಿವಿಯಾದರೋ ಎರಡೂ ಕಡೆಗೆ ತೆರೆದಿತ್ತು.

ರೇಡಿಯೊ ಅಲೆಗಳಿಗೆ ರಾಜ್ಯದ ಗಡಿಯಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದಿಂದಲೇ ‘ಆಕಾಶವಾಣಿ’ ಎಂಬ ಹೆಸರು ಬಂದಿತೆಂಬುದು ಸರ್ವವಿದಿತ. ಕ್ಯಾಸೆಟ್ಟು ಈ ಸ್ವಾತಂತ್ರ್ಯವನ್ನು ಇನ್ನಷ್ಟು ವಿಸ್ತರಿಸಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಹೊರಬಂದದ್ದು 1978ರಲ್ಲಿ. ಉತ್ತರ ಭಾರತದ ಕ್ಯಾಸೆಟ್ ಸಂಸ್ಕೃತಿಯನ್ನು ಕುರಿತ 1993ರ ಗ್ರಂಥದಲ್ಲಿ ಪೀಟರ್ ಮ್ಯಾನ್ಯುಯೆಲ್ ತೋರಿಸಿದಂತೆ, ಅಗ್ಗದ ಈ ತಂತ್ರಜ್ಞಾನ ದೊಡ್ಡ ಕಂಪನಿಗಳ ಏಕಸ್ವಾಮ್ಯವನ್ನು ಸಡಿಲಿಸಿ ಸ್ಥಳೀಯ ದನಿಗಳಿಗೆ ದಾರಿ ಮಾಡಿತು. ಯಾವುದನ್ನು ಯಾವಾಗ ಕೇಳಬೇಕೆಂಬ ಆಯ್ಕೆ ಕೇಳುಗನ ಕೈಗೆ ಬಂದುದೂ ಆಗಲೇ.

ಇದೇ ಸೀಮೆಯ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ರಾಜ್‌ಕುಮಾರ್ ಆ ಕಾಲದ ಕೇಳ್ಮೆಯ ಕೇಂದ್ರದಲ್ಲಿದ್ದರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ನಂತರ ಅವರು ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಇಂಗ್ಲಿಷ್ ಹಾಡೊಂದನ್ನೇ ಹಾಡಿದರು. ದಶಕಗಳ ಬಳಿಕ ಅಂತರ್ಜಾಲದಲ್ಲಿ ಹೊಸ ತಲೆಮಾರಿಗೆ ಈ ಹಾಡು ಸಿಕ್ಕಿದ್ದು ಬಹುಮಟ್ಟಿಗೆ ವಿನೋದದ ವಸ್ತುವಾಗಿ. ಆದರೆ ಶಾಲೆಯ ಮೆಟ್ಟಿಲನ್ನು ಬೇಗನೆ ಇಳಿದು ನಾಟಕ ಕಂಪನಿ ಸೇರಿದ ಗಾಜನೂರಿನ ಮುತ್ತುರಾಜ ಇಂಗ್ಲಿಷಿನಲ್ಲಿ ಹಾಡಬಲ್ಲನೆಂಬುದು 1978ರ ಹಳ್ಳಿಯ ಹುಡುಗನೊಬ್ಬನಿಗೆ ನಗೆಯ ಸಂಗತಿಯಾಗಿರಲಾರದು. ಒಂದೇ ಹಾಡು ಒಬ್ಬರಿಗೆ ಶೋಧ, ಇನ್ನೊಬ್ಬರಿಗೆ ಮರುಶೋಧ. ಎರಡರ ನಡುವೆ ಅರ್ಥವೇ ಬದಲಾಗಿದೆ.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ (1981). ಅದಕ್ಕೆ ಸಂಗೀತ ನೀಡಿದ ಇಳಯರಾಜ ಮದರಾಸಿನಲ್ಲಿ ಜಿ.ಕೆ. ವೆಂಕಟೇಶರ ಸಹಾಯಕರಾಗಿ, ಅನೇಕ ಕನ್ನಡ ಚಿತ್ರಗಳಿಗೆ ದುಡಿದೇ ಬೆಳೆದವರು. ಧನರಾಜ್ ಮಾಸ್ಟರರಲ್ಲಿ ಪಾಶ್ಚಾತ್ಯ ಸಂಗೀತವನ್ನು ಅಭ್ಯಾಸ ಮಾಡಿದವರು. ಪಾಪ್ ಲಯವನ್ನು ಮೈಗೂಡಿಸಿಕೊಂಡ ‘ಗೀತಾ’ದ ಹಾಡುಗಳು ಒಂದು ತಲೆಮಾರಿನ ಯೌವನದ ಗುರುತಾದವು. ಅವುಗಳಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಹಾಡಿದ ‘ಜೊತೆಯಲಿ’ಯ ಮಟ್ಟು 1984ರ ‘ನೂರಾವದು ನಾಳ್’ ಎಂಬ ತಮಿಳು ಚಿತ್ರದಲ್ಲಿ ಅದೇ ಇಬ್ಬರ ಕಂಠದಲ್ಲಿ ಮರಳಿತು; 2007ರ ‘ಚೀನಿ ಕಮ್’ ಚಿತ್ರದಲ್ಲಿ ಹಿಂದಿಗೂ ಹೋಯಿತು. ಬೆಂಗಳೂರಿನ ಕೇಳುಗನಿಗೆ ತಮಿಳು ರೂಪ, ಮಧುರೆಯ ಕೇಳುಗನಿಗೆ ಕನ್ನಡ ರೂಪ ಕೇವಲ ಕುತೂಹಲದ ಮಾಹಿತಿ. ಎರಡೂ ನುಡಿಗಳಲ್ಲಿ ಬದುಕುವ ತಾಳವಾಡಿಯ ಕೇಳುಗನಿಗೆ ಮಾತ್ರ ಅವೆರಡೂ ಸ್ವಂತ ನೆನಪಾಗಬಲ್ಲವು. ಅವನ ಮಟ್ಟಿಗೆ ಯಾವುದು ಮೂಲ, ಯಾವುದು ರೂಪಾಂತರ ಎಂಬ ಪ್ರಶ್ನೆ ಬಿಡುಗಡೆಯ ದಿನಾಂಕದಿಂದ ತೀರ್ಮಾನವಾಗುವುದಿಲ್ಲ. ಯಾವುದು ಮೊದಲು ಕಿವಿಗೆ ಬಿತ್ತು ಎಂಬುದರಿಂದ ತೀರ್ಮಾನವಾಗುತ್ತದೆ.

ಇಂದಿನ ಮರುಶೋಧದ ತೊಡಕು ಇರುವುದು ಇಲ್ಲಿಯೇ. ಹಾಡುಗಳ ಆ್ಯಪ್ ತೆರೆದೊಡನೆ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಒಂದು, ಕೇಳುಗನ ಭಾಷೆ ಯಾವುದೆಂಬುದು. ಒಮ್ಮೆ ಒಂದೇ ಪೆಟ್ಟಿಗೆಯಲ್ಲಿ ಇರಬಹುದಾಗಿದ್ದ ಎರಡು ಕ್ಯಾಸೆಟ್ಟುಗಳು ಈಗ ಎರಡು ಪಟ್ಟಿಗಳಲ್ಲಿವೆ. ಕಳೆದುದನ್ನು ಇದ್ದಂತೆಯೇ ಮತ್ತೆ ಕಟ್ಟಬಯಸುವ ಹಂಬಲವನ್ನೂ, ಕಳೆದುದನ್ನು ಕಳೆದುದೆಂದೇ ಅರಿತು ಧ್ಯಾನಿಸುವ ಹಂಬಲವನ್ನೂ ಸ್ವೆಟ್ಲಾನಾ ಬಾಯ್ಮ್ 2001ರಲ್ಲಿ ಬೇರ್ಪಡಿಸಿ ನೋಡಿದರು. ಪಟ್ಟಿಗಳು ಹಾಡನ್ನು ಮರಳಿ ಕೊಡುತ್ತವೆ. ಎರಡು ಹಾಡುಗಳ ನೆರೆಹೊರೆಯನ್ನು ಮರಳಿ ಕೊಡಲಾರವು. ಅದನ್ನು ನೆನಪಿನಿಂದಲೇ ಕಟ್ಟಿಕೊಳ್ಳಬೇಕು.

ಈ ನೆನಪು ಮುಂದಿನ ತಲೆಮಾರಿಗೆ ದಾಟುವುದೇ ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. 2006ರ ತಮಿಳು ಕಲಿಕಾ ಅಧಿನಿಯಮವು ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯಗೊಳಿಸಿತು. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆ ಸಹಜವಾಗಿಯೇ ಪಠ್ಯಪುಸ್ತಕ, ಶಿಕ್ಷಕ, ಪರೀಕ್ಷೆಗಳ ಸುತ್ತ ನಡೆದಿದೆ. ಅದು ಅಗತ್ಯವೂ ಹೌದು. ಆದರೆ ಲಿಪಿಯ ಬಳಕೆ ತೆಳುವಾಗುತ್ತ ಬಂದ ಮನೆಯಲ್ಲಿ ನುಡಿಯನ್ನು ಹಿಡಿದಿಡುವುದು ಅಡುಗೆಮನೆಯ ಮಾತು, ದೇವರ ಪದ ಮತ್ತು ಚಿತ್ರಗೀತೆ. ತಂದೆ ತನ್ನ ಇಪ್ಪತ್ತರ ಹರೆಯದ ಹಾಡನ್ನು ಹುಡುಕಿ ಹಾಕಿದಾಗ ಮಗಳ ಕಿವಿಗೆ ಬೀಳುವುದು ಅವನ ಹಳವಂಡವಷ್ಟೇ ಅಲ್ಲ, ಅವಳ ಪಠ್ಯದಲ್ಲಿ ಇಲ್ಲದಿರಬಹುದಾದ ಒಂದು ಕನ್ನಡ.

ಆದುದರಿಂದ ಗಡಿಸೀಮೆಯ ಭಾಷಾ ಸಮೀಕ್ಷೆಗಳು ಮನೆಮಾತು ಯಾವುದು, ಓದುಬರಹದ ಭಾಷೆ ಯಾವುದು ಎಂಬುದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಯೌವನದಲ್ಲಿ ಏನು ಕೇಳಿದಿರಿ, ಯಾವ ಭಾಷೆಯಲ್ಲಿ, ಯಾರ ಜೊತೆ? ಕಾಂತೀಯ ಸುರುಳಿಗೆ ಬೂಷ್ಟು ಹಿಡಿಯುತ್ತದೆ. ಅದರ ಮೇಲಿದ್ದ ಹಾಡು ಬೇರೆಡೆ ಸಿಕ್ಕೀತು. ಆ ಸುರುಳಿಯ ಸುತ್ತ ಕುಳಿತವರ ನೆನಪಿಗೆ ಮಾತ್ರ ಎರಡನೆಯ ಪ್ರತಿಯಿಲ್ಲ.