ಬಾನೆಟ್ಟಿನ ಕೆಳಗಿನ ಕಪ್ಪು ಡಬ್ಬಿ

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. 1980ರ ದಶಕದಲ್ಲಿ ಅಮೆರಿಕದ ರಸ್ತೆಗಳಲ್ಲಿ ಓಡಾಡುತ್ತಿದ್ದ ಟೊಯೊಟಾ ಪಿಕಪ್ಪುಗಳಲ್ಲಿ 22ಆರ್ ಎಂಬ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇರುತ್ತಿತ್ತು. ಅದರ ಗಾತ್ರ 2,366 ಸಿ.ಸಿ. ಎಂಜಿನ್ ಎರಡು ಸುತ್ತು ತಿರುಗಿದಾಗ ನಾಲ್ಕೂ ಸಿಲಿಂಡರುಗಳು ಸೇರಿ ಒಮ್ಮೆ ಅಷ್ಟು ಗಾಳಿಯನ್ನು ಒಳಗೆಳೆಯಬೇಕು. ನಿಮಿಷಕ್ಕೆ 4,800 ಸುತ್ತಿನ ವೇಗದಲ್ಲಿ ಇದು 5,600 ಲೀಟರಿಗೂ ಹೆಚ್ಚು. ಯಾವ ಸಿಲಿಂಡರೂ ಪೂರ್ತಿ ತುಂಬುವುದಿಲ್ಲವಾದ್ದರಿಂದ ನೂರಕ್ಕೆ ಎಂಬತ್ತು ಪಾಲು ಅಂತ ಹಿಡಿದರೂ 4,500 ಲೀಟರ್. ನಮ್ಮ ಮನೆಗಳ ತಾರಸಿ ಮೇಲೆ ಸಾವಿರ ಲೀಟರಿನ ಕಪ್ಪು ನೀರಿನ ಟ್ಯಾಂಕು ಕೂತಿರುತ್ತದಲ್ಲ, ಅಂಥ ನಾಲ್ಕೂವರೆ ಟ್ಯಾಂಕು ಗಾಳಿಯನ್ನು ಆ ಎಂಜಿನ್ ಒಂದು ನಿಮಿಷದಲ್ಲಿ ಕುಡಿದುಬಿಡುತ್ತದೆ. ಅದೇ ನಿಮಿಷದಲ್ಲಿ ಸುಡುವ ಪೆಟ್ರೋಲು ಸುಮಾರು ಅರ್ಧ ಲೀಟರ್ ಮಾತ್ರ. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ ಅದರ 14.7 ಪಾಲು ಗಾಳಿ ಬೇಕು. ನಾವು ಇದನ್ನು ಪೆಟ್ರೋಲ್ ಎಂಜಿನ್ ಅಂತ ಕರೆಯುತ್ತೇವೆ. ಹೊಟ್ಟೆಗೆ ಹೋಗುವುದನ್ನು ನೋಡಿ ಹೆಸರಿಡುವುದಾದರೆ ಗಾಳಿ ಎಂಜಿನ್ ಅನ್ನಬೇಕಿತ್ತು.

ಈ ಗಾಳಿಯೆಲ್ಲ ಒಳಗೆ ಹೋಗುವುದು ಬಾನೆಟ್ಟಿನ ಕೆಳಗಿನ ಒಂದು ಕಪ್ಪು ಡಬ್ಬಿಯ ಮೂಲಕ. ಅದರೊಳಗೆ ಏರ್ ಫಿಲ್ಟರ್, ಅದಕ್ಕೊಂದು ಮೂತಿ, ಸುತ್ತ ಅಲ್ಲಲ್ಲಿ ಸೇರಿಕೊಂಡ ರಬ್ಬರ್ ಪೈಪುಗಳು. ಪಿಕಪ್ಪಿನ ಶಕ್ತಿ ಹೆಚ್ಚಿಸಬೇಕೆಂದು ಹೊರಟ ಹುಡುಗರು ಮೊದಲು ಕೈಹಾಕುತ್ತಿದ್ದುದು ಇದಕ್ಕೇ. ಇಂಥದ್ದೊಂದು ಡಬ್ಬಿ ಚರಿತ್ರೆಯ ವಿದ್ಯಾರ್ಥಿಯ ಮೇಜಿಗೆ ಹೇಗೆ ಬಂತು ಅಂತ ನೀವು ಕೇಳಬಹುದು. ನಾನು ಪಿಎಚ್.ಡಿ.ಗೆ ಓದುತ್ತಿರುವುದು ಇಪ್ಪತ್ತನೇ ಶತಮಾನದ ನಗರಗಳ ಗಾಳಿಯ ಬಗ್ಗೆ. ಸಮಿತಿಗಳು, ವರದಿಗಳು, ಕಾಯ್ದೆಗಳು ನನ್ನ ದಿನನಿತ್ಯದ ಆಹಾರ. ಆ ಕಾಯ್ದೆಗಳನ್ನು ಓದುತ್ತಾ ಓದುತ್ತಾ ಒಂದು ಗೊತ್ತಾಯಿತು. ಕಾಗದದ ಮೇಲೆ ಬರೆದದ್ದೆಲ್ಲ ಕೊನೆಗೆ ಬಂದು ಕೂತದ್ದು ಈ ಡಬ್ಬಿಯ ಸುತ್ತಮುತ್ತ. ಅದರ ಒಂದೊಂದು ಪೈಪಿನ ಹಿಂದೆಯೂ ಒಂದೊಂದು ಜಗಳವಿದೆ.

ಎಲ್ಲಕ್ಕಿಂತ ಹಳೆಯ ಜಗಳ ಧೂಳಿನದು. ಮೊದಲ ಕಾಲದ ಎಂಜಿನ್‌ಗಳಿಗೆ ಫಿಲ್ಟರೇ ಇರಲಿಲ್ಲ. ಹೊಲದಲ್ಲಿ ಉಳುವ ಟ್ರ್ಯಾಕ್ಟರುಗಳು ಮಣ್ಣಿನ ಧೂಳು ನುಂಗಿ, ಸಿಲಿಂಡರಿನ ಗೋಡೆ ಸವೆದು ಬೇಗ ಸಾಯುತ್ತಿದ್ದವು. ಗಾಳಿಯನ್ನು ಎಣ್ಣೆಯ ಬೋಗುಣಿಯ ಮೇಲೆ ಹಾಯಿಸಿ ಧೂಳು ಹಿಡಿಯುವ ಡಬ್ಬಿಗಳು ಬಹಳ ಕಾಲ ನಡೆದವು, ಆಮೇಲೆ ಮಡಿಕೆ ಮಡಿಕೆಯ ಕಾಗದದ ಫಿಲ್ಟರ್ ಬಂತು. ಇದು ನಮಗೂ ಗೊತ್ತಿರುವ ಕಥೆಯೇ. ತರಕಾರಿ ಹೇರುವ ಪಿಕಪ್ಪಿನ ಚಾಲಕ ಪಂಕ್ಚರ್ ಅಂಗಡಿಯ ಮುಂದೆ ನಿಂತು, ಫಿಲ್ಟರನ್ನು ಟೈರಿಗೆ ಎರಡು ಸಲ ಬಡಿದು, ಗಾಳಿ ಹೊಡೆಸಿ ಮತ್ತೆ ಕೂರಿಸುವುದನ್ನು ಯಾರು ನೋಡಿಲ್ಲ?

ಧೂಳಿನ ಜಗಳ ಯಂತ್ರವನ್ನು ಉಳಿಸಿಕೊಳ್ಳಲು. ಎರಡನೆಯದು ಮನುಷ್ಯರನ್ನು ಉಳಿಸಿಕೊಳ್ಳಲು. 1943ರ ಜುಲೈನಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣು ಗಂಟಲು ಉರಿಸುವ ಹೊಗೆಮಂಜು ಕವಿಯಿತು. ಯುದ್ಧದ ಕಾಲ. ಜಪಾನಿನವರು ವಿಷಾನಿಲ ಬಿಟ್ಟರೇನೋ ಎಂದು ಜನ ಹೆದರಿದರು. ಆಮೇಲೆ ತಪ್ಪನ್ನು ಕಾರ್ಖಾನೆಗಳ ಮೇಲೆ, ಹಿತ್ತಲಲ್ಲಿ ಕಸ ಸುಡುವವರ ಮೇಲೆ ಹಾಕಿದರು. ನಿಜವಾದ ಉತ್ತರ ಕೊಟ್ಟವರು ಆರಿ ಹಾಗನ್-ಸ್ಮಿಟ್. ಹಾಲೆಂಡಿನಲ್ಲಿ ಹುಟ್ಟಿ ಕ್ಯಾಲ್ಟೆಕ್‌ನಲ್ಲಿ ಕೆಲಸ ಮಾಡುತ್ತಿದ್ದ ಈ ಜೀವರಸಾಯನ ವಿಜ್ಞಾನಿ ಅದುವರೆಗೆ ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಿದ್ದವರು. ಅದೇ ವಿಧಾನದಿಂದ ನಗರದ ಗಾಳಿಯನ್ನು ಪರೀಕ್ಷಿಸಿದರು. ಪೆಟ್ರೋಲಿನ ಸುಡದ ಆವಿಯೂ ಎಂಜಿನ್ ಉಗುಳುವ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಸೇರಿ ಓಜೋನ್ ಹುಟ್ಟಿಸುತ್ತವೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಆ ಊರಿನ ಹೆಮ್ಮೆಯ ಎರಡು ವಸ್ತುಗಳೇ, ಬಿಸಿಲು ಮತ್ತು ಕಾರು, ಕೂಡಿ ಊರಿನ ಕಣ್ಣುರಿಸುತ್ತಿದ್ದವು. ಕಾರು ಕಂಪನಿಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಒಪ್ಪಿದ ಮೇಲೆ ಮೊದಲು ಬದಲಾದದ್ದು ಎಲ್ಲರೂ ಊಹಿಸುವ ಸೈಲೆನ್ಸರ್ ಅಲ್ಲ, ಗಾಳಿಯ ದಾರಿ. ಪಿಸ್ಟನ್ನಿನ ಪಕ್ಕದಿಂದ ಸ್ವಲ್ಪ ಅನಿಲ ಸದಾ ಸೋರಿ ಎಂಜಿನ್ನಿನ ಕೆಳಹೊಟ್ಟೆಗೆ ಇಳಿಯುತ್ತದೆ. ಹಳೆಯ ಗಾಡಿಗಳಲ್ಲಿ ಅದನ್ನು ಒಂದು ಕೊಳವೆಯ ಮೂಲಕ ಸೀದಾ ರಸ್ತೆಗೆ ಬಿಡುತ್ತಿದ್ದರು. ಗಾಡಿ ಬಿಡುವ ಸುಡದ ಆವಿಯಲ್ಲಿ ಇದರ ಪಾಲು ಸಣ್ಣದಾಗಿರಲಿಲ್ಲ. 1961ರ ಮಾದರಿಗಳಿಂದ ಕ್ಯಾಲಿಫೋರ್ನಿಯಾದಲ್ಲಿ, 1963ರ ಹೊತ್ತಿಗೆ ಅಮೆರಿಕದಾದ್ಯಂತ, ಈ ತೇಗನ್ನು ಎಂಜಿನ್ನೇ ಮತ್ತೆ ನುಂಗಿ ಸುಡುವಂತೆ ಪೈಪು ಹಾಕಿದರು. ಮುಂದಿನ ವರ್ಷಗಳಲ್ಲಿ ಇನ್ನೊಂದು ಬಂತು. ಡಬ್ಬಿಯ ಮೂತಿಯೊಳಗೆ ಒಂದು ಸಣ್ಣ ಕದ. ಎಂಜಿನ್ ತಣ್ಣಗಿರುವಾಗ ಅದು ಹೊರಗಿನ ಗಾಳಿಯನ್ನು ತಡೆದು, ಹೊಗೆ ಹೋಗುವ ಬಿಸಿ ಕೊಳವೆಯ ಮೇಲಿನಿಂದ ಬೆಚ್ಚನೆಯ ಗಾಳಿ ತರುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗುತ್ತದೆ, ಚೋಕ್ ಬೇಗ ಬಿಡಬಹುದು, ಬೆಳಗಿನ ಮೊದಲ ಕೆಲವು ನಿಮಿಷಗಳ ಕೊಳಕು ಹೊಗೆ ಕಡಿಮೆಯಾಗುತ್ತದೆ.

ಇಷ್ಟರಲ್ಲಿ ಪಿಕಪ್ಪು ಎಲ್ಲಿಂದ ಬಂತು ಎನ್ನುವುದನ್ನೂ ಹೇಳಬೇಕು. ಇದರಲ್ಲಿ ಕೋಳಿಯ ಪಾತ್ರವಿದೆ. ಯುರೋಪಿನವರು ಅಮೆರಿಕದ ಅಗ್ಗದ ಕೋಳಿಮಾಂಸದ ಮೇಲೆ ಸುಂಕ ಏರಿಸಿದ್ದಕ್ಕೆ ಪ್ರತಿಯಾಗಿ 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ಹೊರಗಿನಿಂದ ಬರುವ ಸಣ್ಣ ಟ್ರಕ್ಕುಗಳ ಮೇಲೆ ನೂರಕ್ಕೆ 25ರಷ್ಟು ಸುಂಕ ಹೇರಿದರು. ಗುರಿ ಜರ್ಮನಿಯ ವೋಕ್ಸ್‌ವ್ಯಾಗನ್. ಜಪಾನಿನ ಪಿಕಪ್ಪುಗಳು ಮಾತ್ರ ಸಂದಿಯಲ್ಲಿ ನುಸುಳಿದವು. ಹಿಂದಿನ ತೊಟ್ಟಿ ಇಲ್ಲದೆ ಬಂದರೆ ಸುಂಕ ನೂರಕ್ಕೆ ನಾಲ್ಕು, ಹಾಗಾಗಿ ತೊಟ್ಟಿಯನ್ನು ಅಮೆರಿಕದಲ್ಲೇ ಜೋಡಿಸುತ್ತಿದ್ದರು. 1980ರಲ್ಲಿ ಆ ಸಂದಿಯೂ ಮುಚ್ಚಿತು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ನಾಲ್ಕು ಸಿಲಿಂಡರಿನ ಮರ್ಯಾದೆ ಹೆಚ್ಚಿಸಿತ್ತು. ತೋಟದ ಕೆಲಸದವರು, ಬಡಗಿಗಳು, ಕಾಲೇಜು ಹುಡುಗರು ಎಲ್ಲರಿಗೂ ಕೈಗೆಟುಕುವ ಗಾಡಿ ಇದು. ಗಟ್ಟಿಮುಟ್ಟು, ಆದರೆ ನಿಧಾನ. ಮುಂದೆ ಬಂದ 22ಆರ್ಇ, ಅಂದರೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಇದ್ದ ಮಾದರಿಯದೂ ಸುಮಾರು 116 ಅಶ್ವಶಕ್ತಿಯಷ್ಟೇ.

ನಿಧಾನದ ಗಾಡಿಯ ಮಾಲೀಕನಿಗೆ ಆ ಕಪ್ಪು ಡಬ್ಬಿ ಹೇಗೆ ಕಂಡಿರಬಹುದು? ಎಂಜಿನ್ನಿನ ಬಾಯಿಗೆ ಯಾರೋ ಕಟ್ಟಿದ ಬಟ್ಟೆಯ ಹಾಗೆ. ಅದನ್ನು ಬಿಚ್ಚುವ ಅತಿ ಅಗ್ಗದ ಉಪಾಯಕ್ಕೆ ಒಂದು ಡಾಲರೂ ಬೇಕಿರಲಿಲ್ಲ. ಕಾರ್ಬ್ಯುರೇಟರಿನ ಮೇಲೆ ಕೂತ ದುಂಡು ಫಿಲ್ಟರಿನ ಮುಚ್ಚಳವನ್ನು ತಿರುಗಿಸಿ ಬೋರಲು ಹಾಕುವುದು. ಸುತ್ತಲೂ ಸಂದಿ ಬಿಟ್ಟುಕೊಂಡು ಗಾಳಿ ಎಲ್ಲ ಕಡೆಯಿಂದ ನುಗ್ಗುತ್ತದೆ, ಎಂಜಿನ್ ಹೂಂಕರಿಸುತ್ತದೆ. ದುಡ್ಡಿದ್ದವರು ಇಡೀ ಡಬ್ಬಿ ಕಿತ್ತು ಶಂಕುವಿನಾಕಾರದ ಹತ್ತಿಬಟ್ಟೆಯ ಫಿಲ್ಟರನ್ನು ಪೈಪಿನ ತುದಿಗೆ ಸಿಕ್ಕಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನ ಕೆ ಅಂಡ್ ಎನ್ ಕಂಪನಿ 1969ರಿಂದ ಇಂಥ ಎಣ್ಣೆ ಸವರಿದ, ತೊಳೆದು ಮತ್ತೆ ಬಳಸಬಹುದಾದ ಫಿಲ್ಟರುಗಳಿಗೆ ಹೆಸರಾಗಿತ್ತು.

ಇದರಿಂದ ಶಕ್ತಿ ಹೆಚ್ಚುತ್ತಿತ್ತೇ? ಇಲ್ಲಿ ಭೌತಶಾಸ್ತ್ರ ಸ್ವಲ್ಪ ನಿಷ್ಠುರ. ಬಾನೆಟ್ಟಿನ ಕೆಳಗೆ ಬಿಸಿ ಜಾಸ್ತಿ. ಹೊರಗಿನ 30 ಡಿಗ್ರಿಯ ಗಾಳಿಯ ಬದಲು ಒಳಗಿನ 60 ಡಿಗ್ರಿಯ ಗಾಳಿ ಕುಡಿದರೆ ಸಾಂದ್ರತೆ ನೂರಕ್ಕೆ ಒಂಬತ್ತರಷ್ಟು ಇಳಿಯುತ್ತದೆ. ತೆರೆದ ಫಿಲ್ಟರಿನಿಂದ ಸಿಕ್ಕಿದ್ದನ್ನು ಬಿಸಿಯೇ ತಿಂದುಬಿಡಬಹುದು. 22ಆರ್ಇಯಲ್ಲಿ ಇನ್ನೊಂದು ತೊಡಕಿತ್ತು. ಒಳಗೆ ಹೋಗುವ ಗಾಳಿಯನ್ನು ಅಳೆಯಲು ದಾರಿಯಲ್ಲೇ ಸ್ಪ್ರಿಂಗ್ ಇರುವ ಒಂದು ರೆಕ್ಕೆಬಾಗಿಲಿತ್ತು. ಗಾಳಿ ಅದನ್ನು ಎಷ್ಟು ತಳ್ಳುತ್ತದೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನು ಕಂಪ್ಯೂಟರ್ ಕೊಡುತ್ತದೆ. ಮೂಲತಃ ಇದು ಬಾಷ್ ಕಂಪನಿಯ ಎಲ್-ಜೆಟ್ರಾನಿಕ್ ವ್ಯವಸ್ಥೆ, ಆ ‘ಎಲ್’ ಅಂದರೆ ಜರ್ಮನ್ ಭಾಷೆಯ ‘ಲುಫ್ಟ್’, ಗಾಳಿ. ಫಿಲ್ಟರ್ ಎಷ್ಟೇ ದೊಡ್ಡದಿದ್ದರೂ ಗಾಳಿ ಈ ಇಕ್ಕಟ್ಟಿನ ಬಾಗಿಲನ್ನು ದಾಟಲೇಬೇಕು. ಊರಬಾಗಿಲು ಅಗಲ ಮಾಡಿ ಮನೆಬಾಗಿಲು ಹಾಗೇ ಬಿಟ್ಟಂತೆ. ಇನ್ನು ಹೊಸ ಪೈಪಿನ ಜೋಡಣೆ ಸಡಿಲವಾಗಿ ಬಾಗಿಲಿನ ಆಚೆ ಗಾಳಿ ಸೋರಿದರೆ ಆ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ, ಪೆಟ್ರೋಲು ಕಡಿಮೆಯಾಗಿ ಎಂಜಿನ್ ತಡವರಿಸುತ್ತದೆ.

ಖಂಡಿತವಾಗಿ ಹೆಚ್ಚುತ್ತಿದ್ದುದು ಸದ್ದು. ನಲ್ಲಿಯ ಕೆಳಗೆ ಇಟ್ಟ ಕೊಡ ತುಂಬುತ್ತಾ ಬಂದ ಹಾಗೆ ಅದರ ನಾದ ಏರುವುದನ್ನು ಎಲ್ಲರೂ ಕೇಳಿದ್ದೇವೆ. ಟೊಳ್ಳಿನ ಗಾತ್ರ ಮತ್ತು ಬಾಯಿಯ ಅಳತೆ ಸೇರಿ ಒಂದು ಸ್ವರವನ್ನು ನಿರ್ಧರಿಸುತ್ತವೆ. ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲಿ ಸಂಗೀತದ ಸ್ವರಗಳನ್ನು ಬಿಡಿಸಿ ಕೇಳಲು ಇಂಥ ಟೊಳ್ಳುಗಳನ್ನೇ ಬಳಸಿದ. ಕಾರು ಎಂಜಿನಿಯರುಗಳು ಅದೇ ತತ್ವದಿಂದ ಗಾಳಿಯ ದಾರಿಗೆ ಒಂದು ಕುರುಡು ಟೊಳ್ಳನ್ನು ಸೇರಿಸಿ ಎಂಜಿನ್ನಿನ ಒಂದು ಸ್ವರವನ್ನು ನುಂಗಿಸುತ್ತಾರೆ. ಎಲ್ಲಿಗೂ ಹೋಗದ ಈ ಟೊಳ್ಳನ್ನು ಕಂಡ ಹುಡುಗರಿಗೆ ಇದು ಬರೀ ದಂಡ ಅನ್ನಿಸಿ ಕಿತ್ತು ಬಿಸಾಡಿದರು. ನುಂಗಿಹೋಗಿದ್ದ ಸ್ವರ ವಾಪಸು ಬಂತು, ಕಿವಿ ಅದನ್ನು ಶಕ್ತಿ ಅಂತ ಓದಿತು. ನಾನು ಇದನ್ನು ನಗೆಪಾಟಲಾಗಿ ನೋಡುವುದಿಲ್ಲ. ಎಂಟು ಸಿಲಿಂಡರಿನ ದೊಡ್ಡ ಗಾಡಿಗಳ ರಸ್ತೆಯಲ್ಲಿ ಸಣ್ಣ ಗಾಡಿಯವನಿಗೆ ತನ್ನ ಗಾಡಿಯ ದನಿ ಕೇಳಿಸಬೇಕು ಅನ್ನಿಸುವುದು ಸಹಜ.

ಆದರೆ ಮುಚ್ಚಳ ಬೋರಲು ಹಾಕಿದಾಗ ಬೆಚ್ಚನೆಯ ಗಾಳಿ ತರುವ ಏರ್ಪಾಡು ಕೆಡುತ್ತದೆ. ಡಬ್ಬಿ ಕಿತ್ತಾಗ ತೇಗಿನ ಪೈಪು ಅನಾಥವಾಗಿ ನೇತಾಡುತ್ತದೆ. ಒಬ್ಬ ಹುಡುಗ ಹೀಗೆ ಮಾಡಿದರೆ ಏನೂ ಆಗದು. ಲಕ್ಷ ಜನ ಮಾಡಿದರೆ ಆ ಹೊಗೆಮಂಜು ಮತ್ತೆ ಮಕ್ಕಳ ಎದೆಗೆ ಇಳಿಯುತ್ತದೆ. ಹಾಗಾಗಿ ಕಾನೂನು ಬಾನೆಟ್ಟಿನ ಒಳಗೂ ಬಂತು. ಕ್ಯಾಲಿಫೋರ್ನಿಯಾ 1967ರಲ್ಲಿ ವಾಯು ಸಂಪನ್ಮೂಲ ಮಂಡಳಿಯನ್ನು ಹುಟ್ಟುಹಾಕಿತು, ಅದರ ಮೊದಲ ಅಧ್ಯಕ್ಷರು ಅದೇ ಹಾಗನ್-ಸ್ಮಿಟ್. ಆ ರಾಜ್ಯದ ವಾಹನ ಸಂಹಿತೆಯ 27156ನೇ ಕಲಂ ಮಾಲಿನ್ಯ ತಡೆಯುವ ಏರ್ಪಾಡುಗಳ ಮೇಲೆ ಕೈಮಾಡುವುದನ್ನು ನಿಷೇಧಿಸಿತು. ಕೇಂದ್ರದ ಶುದ್ಧ ಗಾಳಿ ಕಾಯ್ದೆ ಮೊದಲು ತಯಾರಕರು, ಮಾರಾಟಗಾರರು, ಗ್ಯಾರೇಜಿನವರ ಕೈ ಮಾತ್ರ ಹಿಡಿದಿತ್ತು. 1990ರ ತಿದ್ದುಪಡಿ ಸ್ವಂತ ಗಾಡಿಯ ಮಾಲೀಕನನ್ನೂ ಸೇರಿಸಿತು.

ಕಥೆ ಇಷ್ಟೇ ಆಗಿದ್ದರೆ ಇದು ನಿಷೇಧದ ಇನ್ನೊಂದು ಅಧ್ಯಾಯವಾಗುತ್ತಿತ್ತು, ನನಗೂ ಅಷ್ಟು ಕುತೂಹಲ ಹುಟ್ಟುತ್ತಿರಲಿಲ್ಲ. ವೇಗದ ಬಿಡಿಭಾಗ ಮಾಡುವವರು 1963ರಲ್ಲೇ ಸೀಮಾ ಎಂಬ ಸಂಘ ಕಟ್ಟಿಕೊಂಡಿದ್ದರು. ಈ ಉದ್ಯಮದ ಚರಿತ್ರೆಯನ್ನು ಡೇವಿಡ್ ಲುಸ್ಕೊ ಅವರು ‘ದಿ ಬಿಸಿನೆಸ್ ಆಫ್ ಸ್ಪೀಡ್’ (2008) ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಕೊನೆಗೆ ಸಿಕ್ಕ ರಾಜಿ ಹೀಗಿತ್ತು: ನಿಮ್ಮ ಫಿಲ್ಟರ್ ಹಾಕಿದರೆ ಹೊಗೆ ಹೆಚ್ಚುವುದಿಲ್ಲ ಎಂದು ಪರೀಕ್ಷೆಯಲ್ಲಿ ತೋರಿಸಿ, ಮಂಡಳಿ ಒಂದು ಆದೇಶ ಸಂಖ್ಯೆ ಕೊಡುತ್ತದೆ, ಆ ಸಂಖ್ಯೆಯ ಚೀಟಿಯನ್ನು ಬಾನೆಟ್ಟಿನೊಳಗೆ ಅಂಟಿಸಿ. ಯಂತ್ರ ಮುಟ್ಟುವ ಹಕ್ಕು ಕಂಪನಿಯದಷ್ಟೇ ಅಲ್ಲ, ಮಾಲೀಕನದೂ ಹೌದು, ಆದರೆ ಎಲ್ಲರೂ ಉಸಿರಾಡುವ ಗಾಳಿಗೆ ಅವನು ಲೆಕ್ಕ ಕೊಡಬೇಕು. ನನ್ನ ಮಟ್ಟಿಗೆ ಇಪ್ಪತ್ತನೇ ಶತಮಾನದ ಪರಿಸರ ಕಾನೂನಿನಲ್ಲಿ ಇಷ್ಟು ಗೌರವದ ರಾಜಿ ಅಪರೂಪ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳಿಂದ ಗಾಡಿ ಬೇರೆಯಾಗದಂತೆ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಓದಿತು. ಅಲ್ಲಿ ಅಳತೆಗೋಲು ಹೊಗೆ, ಇಲ್ಲಿ ಕಂಪನಿಯ ಪಟ್ಟಿ. ಎರಡೂ ಒಂದೇ ಅಲ್ಲ.

ರಾಜಿಗೂ ಒಂದು ಬೆಲೆ ಇತ್ತು. ಪರೀಕ್ಷೆ ಮಾಡಿಸುವ ಖರ್ಚು ಕಂಪನಿಗೆ ತಾಳಬಹುದು, ತನ್ನ ಶೆಡ್ಡಿನಲ್ಲಿ ತಗಡು ಬಗ್ಗಿಸಿ ಮೂತಿ ಮಾಡಿಕೊಂಡವನಿಗೆ ಅಲ್ಲ. ಅವನ ಕೈಕೆಲಸಕ್ಕೆ ಸಂಖ್ಯೆ ಸಿಗಲಿಲ್ಲ, ಆದ್ದರಿಂದ ಕಡತಗಳಲ್ಲಿ ಅವನಿಲ್ಲ. ಅವನನ್ನು ಹುಡುಕಬೇಕಾದರೆ ಹಳೆಯ ಪಿಕಪ್ಪುಗಳ ಬಾನೆಟ್ ಎತ್ತಿ ನೋಡಬೇಕು.

ಕ್ಯಾಲಿಫೋರ್ನಿಯಾದಲ್ಲಿ 1984ರಿಂದ ಹೊಗೆ ತಪಾಸಣೆ ಕಡ್ಡಾಯವಾಗಿದೆ. ಈಗಿನ ನಿಯಮದಂತೆ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಗಾಡಿಗಳಿಗೆ ಅದರಿಂದ ವಿನಾಯಿತಿ. ಟೊಯೊಟಾ ತನ್ನ ಪಿಕಪ್ಪಿಗೆ 22ಆರ್‌ನ ಹಿಂದಿನ ತಲೆಮಾರಿನ 20ಆರ್ ಎಂಜಿನ್ ಕೂರಿಸಿದ್ದು 1975ರ ಮಾದರಿಯಿಂದ. ಹಾಗಾಗಿ ಅಕ್ಕಪಕ್ಕ ನಿಂತ ಎರಡು ಪಿಕಪ್ಪುಗಳಲ್ಲಿ ಒಂದೇ ಎಂಜಿನ್, ಒಂದೇ ಶಂಕುವಿನ ಫಿಲ್ಟರ್ ಇರಬಹುದು. 1975ರದ್ದನ್ನು ತಪಾಸಣೆಗೆ ಕರೆಯುವವರಿಲ್ಲ. 1976ರದ್ದರ ಬಾನೆಟ್ ಎತ್ತಿಸಿ, ಟಾರ್ಚು ಹಿಡಿದು, ಆ ಸಂಖ್ಯೆಯ ಚೀಟಿ ಎಲ್ಲಿದೆ ಎಂದು ಹುಡುಕುತ್ತಾರೆ.